ಹುಣಸೆಬೀಜ ಎಣಿಸುತ್ತ ಈಜು ಕಲಿತೆ

ನನ್ನ ತವರು ಗೋಕಾಕ ತಾಲ್ಲೂಕಿನ ಒಂದು ಹಳ್ಳಿ. ಕಬ್ಬಿನ ಹೊಲದ ನಡುವೆ ಅಪ್ಪನ ಬಾವಿ ಇತ್ತು. ಬೇಸಿಗೆ ಸೂಟಿ ಬಿದ್ದರೆ ಸಾಕು, ಅಣ್ಣಂದಿರಿಬ್ಬರೂ ಒಣಗಿದ ಹಾಲುಗುಂಬಳದ ಬುರುಡೆ ಬೆನ್ನಿಗೆ ಕಟ್ಟಿಕೊಂಡು ಧುಡುಂ ಅಂತ ಹಾರುತ್ತಿದ್ದರು. ಮೇಲೆ ಕೂತು ಅವರ ಅಂಗಿ ಕಾಯುವುದು ನನ್ನ ಕೆಲಸ. ಹೆಣ್ಣುಮಕ್ಕಳು ಬಾವಿಗೆ ಇಳಿಯುವುದಿದ್ದರೆ ಕೊಡ ತುಂಬಲಿಕ್ಕೆ ಅಷ್ಟೇ, ಅನ್ನುತ್ತಿದ್ದಳು ಅವ್ವ. ಅಂಗಿ ಕಾಯ್ದ ಕೈ ಮುಂದೆ ಅಂಗಿ ಹೊಲಿಯುವ ಕೈ ಆಯಿತು. ಮದುವೆಯಾಗಿ ಬೆಳಗಾವಿಗೆ ಬಂದೆ. ಅಲ್ಲಿನ ಶಹಾಪುರ ಭಾಗದಲ್ಲಿ ಟೇಲರಿಂಗ್ ಅಂಗಡಿ ಹಾಕಿ 22 ವರ್ಷ ಆಗಿತ್ತು. ಮಷೀನಿನ ಮೇಲೆ ಬಗ್ಗಿ ಬಗ್ಗಿ ಕುತ್ತಿಗೆ ಎಡಕ್ಕೆ ತಿರುಗಿದರೆ ಬಲಕ್ಕೆ ತಿರುಗದು ಅನ್ನುವಂತಾಯಿತು. ಡಾಕ್ಟರು ಗುಳಿಗೆ ಬರೆದು, ಚೀಟಿಯ ಕೆಳಗೆ ಗೀಟು ಎಳೆದು, "ಈಜಾಡ್ರಿ" ಅಂದರು. ಆಗ ನನಗೆ 43.

ಈಜುಕೊಳದಲ್ಲಿ ಸಂಜೆ 4ಕ್ಕೆ ಹೆಣ್ಣುಮಕ್ಕಳ ಬ್ಯಾಚು. ಕೋಚ್ ಮೇಡಮ್ ಮೊದಲ ತಿಂಗಳು ಅಂಚಿನ ಕಂಬಿ ಹಿಡಿಸಿ ಕಾಲು ಬಡಿಯುವುದನ್ನು ಕಲಿಸಿದರು. ಬ್ಯಾಚಿನಲ್ಲಿ ಇಪ್ಪತ್ತೈದು ಜನ. ಅವರಾದರೂ ಎಷ್ಟು ಮಂದಿಯ ಕಾಲು ಹಿಡಿದಾರು? ಉಳಿದದ್ದನ್ನು ನಾನು ಕದ್ದದ್ದು ಅಲ್ಲಿದ್ದ ತಿಕ್ಕಲರಿಂದ.

ಮೊದಲ ಕಳವು ಎರಡನೇ ತರಗತಿಯ ಒಂದು ಹುಡುಗಿಯದು. ಮುಖ ನೀರಿಗೆ ಹಾಕಿದರೆ ಮೂಗಿಗೆ ನೀರು ಹೋಗಿ ನೆತ್ತಿಗೇರುತ್ತಿತ್ತು ನನಗೆ. ಈ ಪೋರಿ ಮಾತ್ರ ನೀರಿನೊಳಗೆ ತಲೆ ಮುಳುಗಿಸಿ ಬುಳುಬುಳು ಅಂತ ಏನೋ ಹೇಳುತ್ತಿದ್ದಳು. ಕೇಳಿದೆ. "ಮಗ್ಗಿ, ಆಂಟಿ. ಎಂಟರ ಮಗ್ಗಿ ಒಂದ ಉಸರಿಗೆ ಮುಗೀತೈತಿ, ಹದಿಮೂರರದು ಮುಗ್ಯಾಂಗಿಲ್ಲ." ಅವಳಿಗೆ ಆಟ, ನನಗೆ ಪಾಠ. ನೀರಿನೊಳಗೆ ಉಸಿರು ಬಿಡುತ್ತಲೇ ಇದ್ದರೆ ಮೂಗಿಗೆ ನೀರು ಬರಲು ದಾರಿ ಎಲ್ಲಿದೆ? ಮೇಲೆ ಬಂದಾಗ ಎಳೆದುಕೊಳ್ಳುವುದೊಂದೇ ಕೆಲಸ ಉಳಿಯುತ್ತದೆ. ನಮ್ಮಂಥ ದೊಡ್ಡವರು ಉಸಿರು ಹಿಡಿದುಕೊಂಡು, ಮೇಲೆ ಬಂದಾಗ ಬಿಡುವುದೂ ಎಳೆಯುವುದೂ ಎರಡನ್ನೂ ಒಟ್ಟಿಗೆ ಮಾಡಹೋಗಿ ನೀರು ಕುಡಿಯುತ್ತೇವೆ. ಮನೆಯಲ್ಲಿ ಬಚ್ಚಲಿನ ಬಕೇಟು ತುಂಬಿಸಿ, ಮುಖ ಅದ್ದಿ, ಬಾಯಿ ಮುಚ್ಚಿ 'ಮ್‌ಮ್‌ಮ್' ಅಂತ ಮೂಗಿನಿಂದ ಗುನುಗುತ್ತ ಹತ್ತು ದಿನ ಅಭ್ಯಾಸ ಮಾಡಿದೆ. ಬಾಗಿಲ ಆಚೆ ನಿಂತು ನಮ್ಮ ಮನೆಯವರು, "ಒಳಗ ಯಾರಿದ್ದೀರಿ?" ಅಂದದ್ದುಂಟು.

ಆ ಹುಡುಗಿಯ ಅಜ್ಜಿ ನಿವೃತ್ತ ಶಿಕ್ಷಕಿ. ಎಲ್ಲರ ಬಾಯಲ್ಲೂ ಅಕ್ಕೋರು. ಎರಡು ಖಾನೆಯ ಎಲೆಯಡಿಕೆ ಡಬ್ಬಿ ತಂದು ಕೊಳದ ಅಂಚಿಗೆ ಇಡುತ್ತಿದ್ದರು. ಒಂದು ಖಾನೆಯಲ್ಲಿ 20 ಹುಣಸೆಬೀಜ, ಇನ್ನೊಂದು ಖಾಲಿ. ನಮ್ಮದು 25 ಮೀಟರಿನ ಕೊಳ. ಹೋಗಿ ಬಂದರೆ 50. ಪ್ರತಿ ಸಲ ಮರಳಿದಾಗ ಒಂದು ಬೀಜ ಆಚೆ ಖಾನೆಗೆ. ಇಪ್ಪತ್ತೂ ದಾಟಿದರೆ ಒಂದು ಕಿಲೋಮೀಟರು. ಮೊಮ್ಮಗ ಬೆಂಗಳೂರಿನಿಂದ ಕೈಗಡಿಯಾರ ಕಳಿಸಿದ್ದನಂತೆ, ಸುತ್ತು ತಾನೇ ಎಣಿಸುವಂಥದ್ದು. "ಗಡಿಯಾರ ಎಣಿಸಾಕತ್ತಿದ್ರ ನಾ ಎಣಿಸೂದ ಮರೀತೇನಿ" ಅಂತ ಅಕ್ಕೋರು ಅದನ್ನು ಕಪಾಟಿನಲ್ಲಿಟ್ಟಿದ್ದರು.

ಅವರ ಎಣಿಕೆ ಬೀಜಕ್ಕೇ ಮುಗಿಯುತ್ತಿರಲಿಲ್ಲ. ಒಂದು ಬದಿಯಿಂದ ಇನ್ನೊಂದು ಬದಿಗೆ ಎಷ್ಟು ಕೈ ಹೊಡೆದೆ, ಅದೂ ಲೆಕ್ಕ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ 200 ಮೀಟರ್ ಬಟರ್‌ಫ್ಲೈ ಸ್ಪರ್ಧೆಯಲ್ಲಿ ಮೈಕೆಲ್ ಫೆಲ್ಪ್ಸ್‌ನ ಕನ್ನಡಕದೊಳಗೆ ನೀರು ತುಂಬಿ ಕಣ್ಣೇ ಕಾಣದಾದಾಗ, ಕೈ ಎಣಿಸಿಕೊಂಡೇ ಗೋಡೆ ಮುಟ್ಟಿ ಚಿನ್ನ ಗೆದ್ದದ್ದನ್ನು ಅವರು ತಮ್ಮ ಶಾಲೆಯ ಹುಡುಗನೇ ಗೆದ್ದಷ್ಟು ಖುಷಿಯಿಂದ ಹೇಳುತ್ತಿದ್ದರು. ನಾನೂ ಎಣಿಸಿದೆ. ಮೊದಲ ದಿನ 25 ಮೀಟರಿಗೆ 34 ಕೈ. ಸಣ್ಣ ಸಣ್ಣ ಟಾಕಿ ಹಾಕಿ ದಾರ ಹಾಳು ಮಾಡುವ ಹೊಸ ಹುಡುಗಿಯಂತೆ ಈಜುತ್ತಿದ್ದೆ ನಾನು. ಕೈ ಮುಂದಕ್ಕೆ ಚಾಚಿ ಒಂದು ಕ್ಷಣ ಜಾರಲು ಬಿಟ್ಟು ಆಮೇಲೆ ಎಳೆಯಬೇಕು. ಇದನ್ನು ಕೋಚ್ ಮೇಡಮ್ ನೂರು ಸಲ ಹೇಳಿದ್ದರು, ತಲೆಗೆ ಹೋಗಿರಲಿಲ್ಲ. ಎಣಿಕೆ ಶುರುವಾದ ಮೇಲೆ ಕೈಗೇ ನಾಚಿಕೆ ಬಂದು ಕಲಿತುಕೊಂಡಿತು. ಈಗ 22.

ಮೂರು ಕೈಗೆ ಒಂದು ಉಸಿರು ಅನ್ನುವುದನ್ನೂ ಅಲ್ಲೇ ರೂಢಿ ಮಾಡಿಕೊಂಡೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಬಲಕ್ಕೆ ತಿರುಗುವಾಗ ಮೊದಲ ಎರಡು ವಾರ ಕುತ್ತಿಗೆ ತುಕ್ಕು ಹಿಡಿದ ಕತ್ತರಿಯ ಹಾಗೆ ಕಿರ್ ಅಂದದ್ದು ನಿಜ.

ಇನ್ನೊಬ್ಬರು ಈಜುತ್ತಲೇ ಇರಲಿಲ್ಲ, ನಡೆಯುತ್ತಿದ್ದರು. ಎದೆಮಟ್ಟದ ನೀರಿನಲ್ಲಿ ಹಿಂದಕ್ಕೆ, ಅಡ್ಡಡ್ಡ, ಏಡಿಯ ಹಾಗೆ. ಅವರದು ಮರಾಠಿ, ನನ್ನದು ಕನ್ನಡ. ಬೆಳಗಾವಿಯಲ್ಲಿ ಅದರಿಂದ ಮಾತು ನಿಲ್ಲುವುದಿಲ್ಲ. "ಹಿಂಗ್ಯಾಕ ನಡೀತೀರಿ ವೈನಿ?" ಅಂದರೆ "ಗುಡಘೇ ದುಖತಾತ ಗ" ಅಂದು ಮೊಣಕಾಲು ತೋರಿಸಿದರು. ಎದೆಮಟ್ಟದ ನೀರಿನಲ್ಲಿ ಮೈಭಾರ ಮೂರರಲ್ಲಿ ಒಂದು ಪಾಲಿನಷ್ಟೇ ಕಾಲಿನ ಮೇಲೆ ಬೀಳುವುದು. ಆದರೆ ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ, ತಳ್ಳಿಕೊಂಡು ಹೋಗಲು ತೊಡೆ ದುಡಿಯಲೇಬೇಕು. ನೋವಿಲ್ಲದೆ ದುಡಿತ. ಡಿಸೆಂಬರಿನ ಥಂಡಿಯಲ್ಲಿ ಮೈ ಬಿಸಿಯಾಗಲು ನಾನೂ ಅವರ ಹಿಂದೆ ನಾಲ್ಕು ಸುತ್ತು ಹಿಂದಕ್ಕೆ ನಡೆಯತೊಡಗಿದೆ. ಇಬ್ಬರೂ ಹಿಂದೆ ನೋಡದೆ ನಡೆದು ಡಿಕ್ಕಿ ಹೊಡೆದುಕೊಂಡದ್ದು ಎಷ್ಟು ಸಲವೋ.

ರಾಜ್ಯಮಟ್ಟಕ್ಕೆ ತಯಾರಾಗುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಹಣೆಯ ಮೇಲೆ ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಲೋಟ ಇಟ್ಟುಕೊಂಡು ಬೆನ್ನೀಜು ಮಾಡುತ್ತಿದ್ದಳು. ತಲೆ ಅಲುಗದೆ ಮೈ ಮಾತ್ರ ಹೊರಳಬೇಕು, ಅದಕ್ಕೆ. ಅಮೆರಿಕದ ಕೇಟಿ ಲೆಡೆಕಿ 2020ರಲ್ಲಿ ತಲೆಯ ಮೇಲೆ ಚಾಕೊಲೇಟ್ ಹಾಲಿನ ಗ್ಲಾಸು ಇಟ್ಟುಕೊಂಡು ಈಜಿದ ವಿಡಿಯೊವನ್ನು ಫೋನಿನಲ್ಲಿ ತೋರಿಸಿದವಳೂ ಅವಳೇ. ನಾನು ಪ್ರಯತ್ನಿಸಿದಾಗ ಲೋಟ ಮೂಗಿನ ಮೇಲೆ ಕವುಚಿತು. ಆದರೂ ಬಿಡಲಿಲ್ಲ, ಮೋಡ ನೋಡುತ್ತ ಕುತ್ತಿಗೆ ಸಡಿಲ ಬಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ.

ನನ್ನದೂ ಒಂದು ತಿಕ್ಕಲು ಇತ್ತು, ಬಟ್ಟೆಯದು. ಅಂಗಡಿಯಿಂದ ತಂದ ಕಾಸ್ಟ್ಯೂಮು ಮೂರೇ ತಿಂಗಳಲ್ಲಿ ಮೊಣಕಾಲಿನ ಹತ್ತಿರ ಜೋತುಬಿತ್ತು. ಹಿಗ್ಗುವ ಲೈಕ್ರಾ ನೂಲನ್ನು ಕ್ಲೋರಿನ್ ತಿಂದುಹಾಕುತ್ತದೆ, ಪಾಲಿಯೆಸ್ಟರಿಗೆ ಅಷ್ಟು ಏನೂ ಆಗುವುದಿಲ್ಲ. ಪಾಲಿಯೆಸ್ಟರ್ ಹೆಣಿಗೆ ಬಟ್ಟೆ ತಂದು, ಪಾಲಿಯೆಸ್ಟರ್ ದಾರದಿಂದಲೇ ಹೊಲಿದು, ಸೊಂಟಕ್ಕೆ ಎಲಾಸ್ಟಿಕ್ ಬದಲು ಲಾಡಿ ಹಾಕಿದೆ. ತುಂಬುತೋಳು, ಪಾದದ ಗಂಟಿನವರೆಗೆ ಕಾಲು. ನೋಡಿದವರು ನಕ್ಕರು, ಆಮೇಲೆ ಹನ್ನೊಂದು ಜನ ಅಳತೆ ಕೊಟ್ಟರು. ಅಂಥ ಬಟ್ಟೆ ಸಿಗುತ್ತದೆ ಅಂತ ಗೊತ್ತಾದ ಮೇಲೆ ಬ್ಯಾಚಿಗೆ ಬರಲು ಹಿಂಜರಿಯುತ್ತಿದ್ದ ಇಬ್ಬರು ಸೊಸೆಯಂದಿರೂ ಬಂದರು.

ಅಳತೆ ಕೊಡದವರಲ್ಲಿ ಒಬ್ಬರು ಹೊಳಿ ಆಯಿ. ಅಥಣಿ ಕಡೆಯ ಕೃಷ್ಣಾ ದಂಡೆಯ ಹಳ್ಳಿಯವರು. 2019ರ ಮಹಾಪೂರದಲ್ಲಿ ಮನೆ ಬಿದ್ದ ಮೇಲೆ ಮಗನ ಮನೆಗೆ ಬಂದವರು. ವಯಸ್ಸು ಅರವತ್ತೈದರ ಮೇಲೆ. ಮಗನ ಹಳೇ ಟ್ರ್ಯಾಕ್ ಪ್ಯಾಂಟು, ಮೇಲೆ ಟೀಶರ್ಟು, ತಲೆಗೆ ಟೋಪಿ. ಹಣೆಯ ಕುಂಕುಮ ನೀರಿಗೆ ಇಳಿಯುವಾಗ ಹೇಗಿತ್ತೋ ಹತ್ತುವಾಗಲೂ ಹಾಗೇ. ಮುಖ ನೀರಿಗೆ ತಾಗಿಸಿದವರೇ ಅಲ್ಲ. ಕತ್ತು ಎತ್ತಿಕೊಂಡು, ನೀರು ಸರಿಸುತ್ತ, ಗಂಟೆಗಟ್ಟಲೆ. ಎಲ್ಲಿ ಕಲಿತಿರಿ ಅಂದರೆ, "ಎಮ್ಮಿ ಬಾಲ ಹಿಡದು. ಎಮ್ಮಿ ಹೊಳಿ ದಾಟ್ತಿತ್ತು, ನಾನೂ ದಾಟ್ತಿದ್ದೆ. ಒಂದಿನ ಬಾಲ ಬಿಟ್ಟು ನೋಡಿದೆ, ಆತು."

ಕೋಚ್ ಮೇಡಮ್ ಅವರನ್ನು ತಿದ್ದಲು ನೋಡಿದರು. ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಮೈ ಇಳಿಜಾರಾಗಿ ನೀರಿಗೆ ಅಡ್ಡ ನಿಲ್ಲುತ್ತದೆ, ದುಪ್ಪಟ್ಟು ದಣಿವು, ಕುತ್ತಿಗೆಗೂ ಕೆಟ್ಟದ್ದು. ಎಲ್ಲಾ ಸರಿಯೇ. ಆಯಿ ಕೇಳಿಸಿಕೊಂಡು ಅಂದರು: "ಮಾರಿ ನೀರಾಗ ಹಾಕಿದ್ರ ಮುಂದ ಏನ ಬರಾಕತ್ತೈತಿ ಅಂತ ಹೆಂಗ ಗೊತ್ತಾಗಬೇಕವಾ? ಬೊಡ್ಡಿ ಬರ್ತಾವ, ಹಾವ ಬರ್ತಾವ, ಮೊಸಳಿ ಇರ್ತಾವ." ಇಲ್ಲಿ ಮೊಸಳೆ ಇಲ್ಲ ಆಯಿ, ಅಂತ ಎಲ್ಲರೂ ನಕ್ಕೆವು. ನನ್ನ ಕುತ್ತಿಗೆಗೆ ಅದು ಒಗ್ಗುವ ಈಜಲ್ಲ ಅಂತ ನಾನೂ ಆ ಕಡೆ ಹೆಚ್ಚು ಗಮನ ಕೊಡಲಿಲ್ಲ.

ಯೋಗ ಕಲಿಸುವ ಒಬ್ಬರಿದ್ದರು, ನಮ್ಮೆಲ್ಲರಿಗಿಂತ ಗಟ್ಟಿ ಮೈ. ಅವರ ಪದ್ಧತಿ ಎಂದರೆ ಅಂಚಿನಲ್ಲಿ ಕೂತು ಭಸ್ತ್ರಿಕಾ: ತಿದಿ ಒತ್ತಿದ ಹಾಗೆ ರಭಸದಿಂದ ಇಪ್ಪತ್ತು ಮೂವತ್ತು ಉಸಿರು. ಆಮೇಲೆ ಕುಂಭಕ, ಅಂದರೆ ಉಸಿರು ಬಿಗಿಹಿಡಿದು ನೀರೊಳಗೇ ಆಚೆ ದಡಕ್ಕೆ. ನೋಡಲು ಚಂದ. ಮೀನಿನ ಹಾಗೆ ಹೋಗುತ್ತಿದ್ದರು. ಶ್ವಾಸಕೋಶಕ್ಕೆ ಶಕ್ತಿ ಬರುತ್ತದೆ ಅಂದರು, ನಂಬಿದೆ. ಒಂದು ವಾರ ನಾನೂ ಅವರ ಪಕ್ಕ ಕೂತು ತಿದಿ ಒತ್ತಿದೆ. ಒಂದು ದಿನ ಉಸಿರೇ ಎಳೆಯದೆ ಮುಕ್ಕಾಲು ಕೊಳ ದಾಟಿದೆ. ಉಸಿರಾಡಬೇಕು ಅಂತಲೇ ಅನ್ನಿಸಲಿಲ್ಲ. ಒಂದು ಥರದ ಸುಖ. ಆ ಸುಖವನ್ನು ನೆನೆದರೆ ಈಗ ಅಂಗೈ ಬೆವರುತ್ತದೆ.

ಮುಂದಿನ ಮಂಗಳವಾರ ಅವರು ಹೋಗಿ ಬರುವ ಲೆಕ್ಕದಲ್ಲಿ ಒಂದೇ ಉಸಿರಿಗೆ ಇಳಿದರು. ನಾನು ಮುಖ ನೀರಿಗೆ ಹಾಕಿ ಕೈ ಎಣಿಸುತ್ತಿದ್ದೆ. ಅಕ್ಕೋರು ಬೀಜ ದಾಟಿಸುತ್ತಿದ್ದರು. ಕೋಚ್ ಮೇಡಮ್ ಹೊಸಬರ ಕಾಲು ಹಿಡಿದಿದ್ದರು. ನೀರಿನ ಮೇಲೆ ತಲೆ ಎತ್ತಿ ಸುತ್ತಲೂ ನೋಡುತ್ತಿದ್ದದ್ದು ಇಡೀ ಕೊಳದಲ್ಲಿ ಒಬ್ಬರೇ. "ಏ, ಆಕಿ ಯಾಕ ಅಳ್ಳಾಡವಲ್ಲಳು!" ಅಂತ ಆಯಿ ಕೂಗಿದ್ದು ನನಗೆ ಕೇಳಿಸಿದ್ದು ಗೋಡೆ ಮುಟ್ಟಿದ ಮೇಲೆ. ಅಷ್ಟರಲ್ಲಿ ಆಯಿ ಜೀವನದಲ್ಲಿ ಮೊದಲ ಸಲ ಆ ಕೊಳದಲ್ಲಿ ತಲೆ ಮುಳುಗಿಸಿದ್ದರು. ಜುಟ್ಟು ಹಿಡಿದು ಮೇಲೆ ಎಳೆದು ತಂದರು. ತುಟಿ ನೀಲಿಯಾಗಿತ್ತು. ಮೇಡಮ್ ದಂಡೆಗೆ ಎಳೆದು ಬಾಯಿಗೆ ಬಾಯಿಟ್ಟು ಗಾಳಿ ಊದಿದರು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಕೆಮ್ಮು ಬಂತು. ಯಾರೋ 108ಕ್ಕೆ ಫೋನ್ ಮಾಡಿದರು. ಎಚ್ಚರಾದ ಮೇಲೆ ಅವರು ಅಂದದ್ದು, "ನಾ ಇನ್ನೂ ಅರ್ಧಕ್ಕ ಬಂದೇನಿ, ಯಾಕ ಎಬ್ಬಿಸಿದ್ರಿ?"

ಕುತ್ತಿಗೆಯ ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಉಸಿರಾಡು ಅಂತ ಮೈ ನಮಗೆ ಹೇಳುವುದು ಆಮ್ಲಜನಕ ಕಡಿಮೆಯಾಯಿತು ಅಂತಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಾಯಿತು ಅಂತ. ರಭಸದಿಂದ ಉಸಿರಾಡಿದರೆ ಆ ಅನಿಲ ಹೊರಗೆ ಹೋಗಿಬಿಡುತ್ತದೆ, ಆಮ್ಲಜನಕ ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಗಂಟೆ ಬಾರಿಸುವವನನ್ನೇ ಹೊರಗೆ ಕಳಿಸಿದಂತಾಯಿತು. ಗಂಟೆ ಬಾರಿಸುವ ಮೊದಲೇ ಮಿದುಳಿನ ಆಮ್ಲಜನಕ ತೀರಿ ಎಚ್ಚರ ತಪ್ಪುತ್ತದೆ, ಯಾವ ಸೂಚನೆಯೂ ಇಲ್ಲದೆ. ಚಾಪೆಯ ಮೇಲೆ ಹೀಗಾದರೆ ಮೈ ತಾನಾಗಿ ಮತ್ತೆ ಉಸಿರೆಳೆಯುತ್ತದೆ. ನೀರಿನೊಳಗೆ ಎಳೆಯುವುದು ನೀರನ್ನು. ಚೆನ್ನಾಗಿ ಈಜು ಬರುವವರಿಗೇ ಇದು ಹೆಚ್ಚು, ಬಾರದವರು ಅಷ್ಟು ಹೊತ್ತು ಒಳಗೆ ಇರುವುದೇ ಇಲ್ಲವಲ್ಲ.

ಹದಿನೈದು ದಿನಕ್ಕೆ ಯೋಗದವರು ಮರಳಿ ಬಂದರು. ಭಸ್ತ್ರಿಕಾ ಈಗ ಮನೆಯ ಚಾಪೆಗೆ. ಆಯಿಗೆ ಒಂದು ಇಳಕಲ್ ಸೀರೆ ತಂದಿದ್ದರು. ಆಯಿ ಸೆರಗು ಬಿಚ್ಚಿ ನೋಡಿ, ಸೀರೆ ಚಲೋ ಐತಿ, ಇದನ್ನುಟ್ಟು ಈಜಾಕ ಬರೂದಿಲ್ಲ, ಅಂದರು. ಆ ವಾರವೇ ನನ್ನ ಅಂಗಡಿಗೆ ಬಂದು ಅಳತೆಯನ್ನೂ ಕೊಟ್ಟರು. ನಾನು ಮುಖ ಎತ್ತುವುದನ್ನು ಅವರಿಂದ ಸ್ವಲ್ಪ ಕಲಿತೆ. ಪ್ರತಿ ಸುತ್ತಿನಲ್ಲಿ ಎರಡು ಸಲ ತಲೆ ಎತ್ತಿ ಅಕ್ಕಪಕ್ಕ ಯಾರಿದ್ದಾರೆ, ಹೇಗಿದ್ದಾರೆ ಅಂತ ನೋಡುತ್ತೇನೆ. ಕುತ್ತಿಗೆ ಅಷ್ಟನ್ನು ತಡೆಯುತ್ತದೆ.

ಒಂದು ಕಿಲೋಮೀಟರು ಆದದ್ದು ಒಂಬತ್ತನೇ ತಿಂಗಳಿಗೆ, ಜಿಟಿಜಿಟಿ ಮಳೆಯಲ್ಲಿ. ಅಕ್ಕೋರು ಊರಲ್ಲಿರಲಿಲ್ಲ, ಡಬ್ಬಿ ನನಗೆ ಕೊಟ್ಟು ಹೋಗಿದ್ದರು. ಮೊದಲ ಖಾನೆ ಖಾಲಿಯಾದಾಗ ಕೈ ನಡುಗುತ್ತಿತ್ತು. ಅಲ್ಲೇ ಟಾವೆಲ್ಲು ಸುತ್ತಿಕೊಂಡು ದೊಡ್ಡಣ್ಣನಿಗೆ ಫೋನ್ ಹಚ್ಚಿದೆ. "ಒಂದ ಕಿಲೋಮೀಟರ್ ಈಜಿದ್ಯಾ? ನಮ್ಮ ಬಾಂವ್ಯಾಗ ಎಷ್ಟ ಸುತ್ತ ಆಕ್ಕಾವ ಅದು?" ಅಂದ. ಬಾವಿಯಲ್ಲಿ ಈಗ ನೀರೇ ಇಲ್ಲ, ಪಕ್ಕದಲ್ಲಿ ಬೋರ್ ಕೊರೆಸಿದ್ದಾರೆ. ಆದರೂ ಕೂತು ಲೆಕ್ಕ ಹಾಕಿದ, ಸಣ್ಣಣ್ಣನನ್ನು ಕರೆದು ಹೇಳಿದ.

ಮನೆಗೆ ಬಂದು ಡಬ್ಬಿ ಒರೆಸುವಾಗ ಬೀಜ ಎಣಿಸಿದೆ. ಹತ್ತೊಂಬತ್ತು. ಇಪ್ಪತ್ತನೆಯದು ಚೀಲದ ತಳದಲ್ಲಿ, ಒದ್ದೆ ಟೋಪಿಗೆ ಅಂಟಿಕೊಂಡಿತ್ತು. ಅಂದರೆ ಈಜಿದ್ದು 950 ಮೀಟರು. ಅಣ್ಣನಿಗೆ ಮತ್ತೆ ಫೋನ್ ಮಾಡಲಿಲ್ಲ. ಮರುದಿನ ಡಬ್ಬಿಗೆ ಇಪ್ಪತ್ತೊಂದು ಬೀಜ ಹಾಕಿಕೊಂಡು ಹೋದೆ.