ಮನೆಯ ರಕ್ಷಣೆಗೆ ಇಟ್ಟ ಪಿಸ್ತೂಲಿಗೆ ಯಾವ ಗುಂಡು?

ಡಲ್ಲಾಸ್ ಕಡೆ ಹೊಸದಾಗಿ ಪಿಸ್ತೂಲು ಕೊಂಡ ನಮ್ಮವರಿಗೆ ನಾನು ಹೇಳುವುದಿಷ್ಟು. ಬ್ಯಾರೆಲ್ ಮೇಲಿನ ಬರಹ ಓದಿ. ಗುಂಡಿನ ಅಳತೆ ‘9 ಎಂಎಂ ಲೂಗರ್’ ಎಂದಿದ್ದರೆ ಗುಂಡಿನ ಪೆಟ್ಟಿಗೆಯ ಮೇಲೂ ಅದೇ ಇರಬೇಕು.

ಅಭ್ಯಾಸಕ್ಕೆ ಅಗ್ಗದ ಫುಲ್ ಮೆಟಲ್ ಜಾಕೆಟ್ (ಸೀಸದ ತಲೆಗೆ ಗಟ್ಟಿ ಲೋಹದ ಹೊದಿಕೆಯಿರುವ ಗುಂಡು) ಸಾಕು. ರಕ್ಷಣೆಗೆ ಮಾತ್ರ ತುದಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟೇ ಬೇಕು. ಆ ಕುಳಿ ತಾಗಿದೊಡನೆ ಅರಳಿ ವೇಗ ತಗ್ಗುತ್ತದೆ, ದೇಹ ಹಾಯ್ದು ಹಿಂದಿನವರಿಗೆ ಬಡಿಯುವ ಸಂಭವ ಕಡಿಮೆ. ಆದರೆ ಗುರಿ ತಪ್ಪಿದರೆ ಇದೂ ಇಲ್ಲಿನ ಜಿಪ್ಸಮ್ ಗೋಡೆ ತೂರಿ ಮಕ್ಕಳ ಕೋಣೆ ಸೇರೀತು, ದಯವಿಟ್ಟು ಮರೆಯಬೇಡಿ. ಎಫ್‌ಬಿಐನವರಿಗೂ ದರೋಡೆಕೋರರಿಗೂ ನಡೆದ 1986ರ ಮಯಾಮಿ ಗುಂಡಿನ ಕಾಳಗದ ನಂತರ ಎಫ್‌ಬಿಐ ರೂಪಿಸಿದ ಅಳತೆಯಂತೆ ಗುಂಡು ಮಾಂಸಖಂಡದ ಬದಲಿಗೆ ಪರೀಕ್ಷೆಗೆ ಬಳಸುವ ಜೆಲಾಟಿನ್‌ನಲ್ಲಿ 12ರಿಂದ 18 ಇಂಚು ಇಳಿಯಬೇಕು. ನನ್ನ ಆಯ್ಕೆ 124 ಗ್ರೇನ್ (ಗುಂಡಿನ ತಲೆಯ ತೂಕ, ಸುಮಾರು 8 ಗ್ರಾಂ) ತೂಕದ ಫೆಡರಲ್ ಎಚ್‌ಎಸ್‌ಟಿ ಎಂಬ ಹಾಲೋ ಪಾಯಿಂಟ್. ಸ್ಪೀರ್ ಗೋಲ್ಡ್ ಡಾಟ್ ಕೂಡ ನಂಬಿಕಸ್ಥ.

ದುಬಾರಿಯಾದರೂ ಸರಿ, ಆಯ್ದ ಗುಂಡನ್ನು ರೇಂಜ್‌ನಲ್ಲಿ ನಿಮ್ಮ ಪಿಸ್ತೂಲಿನಲ್ಲೇ ಹಾರಿಸಿ ನೋಡಿ. ಸಿಕ್ಕಿಕೊಂಡರೆ ಬೇರೆಯದು ಹುಡುಕಿ. ಒಂದೇ ಗುಂಡನ್ನು ಪದೇ ಪದೇ ಚೇಂಬರಿಗೆ (ಬ್ಯಾರೆಲ್ ಬುಡದಲ್ಲಿ ಗುಂಡು ಕೂರುವ ಜಾಗ) ಹಾಕಿ ತೆಗೆದರೆ ಅದರ ತಲೆ ಹಿತ್ತಾಳೆ ಕವಚದೊಳಕ್ಕೆ ಸರಿಯುತ್ತದೆ, ಹಾರಿಸಿದಾಗ ಒತ್ತಡ ಅಪಾಯದ ಮಟ್ಟಕ್ಕೇರಬಹುದು. ಅಂಥದನ್ನು ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ. ಕೂದಲೆಳೆಯಷ್ಟು ಗಿಡ್ಡವಾಗಿದ್ದರೂ ಬೇಡ.

ನ್ಯೂಜೆರ್ಸಿಗೆ ಮನೆ ಬದಲಿಸುವವರು ಅಲ್ಲಿನ ಕಾನೂನು ಓದಿಯೇ ಹೊರಡಿ. ಹಾಲೋ ಪಾಯಿಂಟ್ ಅಲ್ಲಿ ಮನೆಯಲ್ಲಿರಬಹುದು, ಹೊರಗೆ ಒಯ್ಯಲು ಕಟ್ಟುನಿಟ್ಟಿನ ನಿರ್ಬಂಧವಿದೆ.