ಇಸಿಜಿ ಓದುವುದು ಹೇಗೆ? ಮೊದಲು ಕಂಡದ್ದಕ್ಕೇ ನಿಲ್ಲಬೇಡಿ

ತಾಲ್ಲೂಕು ಆಸ್ಪತ್ರೆಯ ಕ್ಯಾಜುವಾಲ್ಟಿಗೆ ‘ಗ್ಯಾಸ್ಟ್ರಿಕ್ ಆಗಿದೆ ಡಾಕ್ಟ್ರೇ’ ಎನ್ನುತ್ತಾ ಬರುವವರಲ್ಲಿ ಯಾರದು ಬರೀ ಎದೆಯುರಿ, ಯಾರದು ಹೃದಯಾಘಾತ ಎಂದು ಬೇರ್ಪಡಿಸಲು ವೈದ್ಯರ ಕೈಗೆ ಮೊದಲು ಸಿಗುವ ಸಾಧನ ಇಸಿಜಿ, ಅಂದರೆ ಹೃದಯದ ವಿದ್ಯುತ್ ಚಟುವಟಿಕೆಯನ್ನು ಕಾಗದದ ಪಟ್ಟಿಯ ಮೇಲೆ ಅಲೆಗಳಾಗಿ ಬರೆಯುವ ಪರೀಕ್ಷೆ. ಎದೆನೋವಿನ ರೋಗಿ ಬಂದ 10 ನಿಮಿಷದೊಳಗೆ ಅದನ್ನು ತೆಗೆದು, ವೈದ್ಯರೊಬ್ಬರು ನೋಡಿಯೂ ಆಗಿರಬೇಕು. ಆದರೆ ಹೌಸ್ ಸರ್ಜನ್‌ಗಳಲ್ಲಿ ಹೆಚ್ಚಿನವರು ಇಸಿಜಿ ಕಲಿಯುವುದು ಪುಸ್ತಕದ ಚಿತ್ರಗಳನ್ನು ಬಾಯಿಪಾಠ ಮಾಡಿ. ಹೀಗೆ ಕಲಿತ ಕಣ್ಣು ಪರಿಚಿತ ಆಕಾರವೊಂದು ಸಿಕ್ಕ ಕೂಡಲೇ ಅಲ್ಲಿಗೇ ನಿಲ್ಲುತ್ತದೆ, ಪಕ್ಕದ ಲೀಡ್‌ನಲ್ಲಿರುವ (ಹೃದಯವನ್ನು ಒಂದೊಂದು ಕೋನದಿಂದ ತೋರಿಸುವ ದಾಖಲೆಯೇ ಲೀಡ್; ಎದೆಗೆ ಅಂಟಿಸುವ ವೈರ್‌ಗಳಿಗೂ ಇದೇ ಹೆಸರು) ದೊಡ್ಡ ಅಪಾಯವನ್ನು ಕಾಣದೆ ಹೋಗುತ್ತದೆ. ಇದಕ್ಕೆ ಪರಿಹಾರ ಒಂದೇ: ಪ್ರತಿ ಪಟ್ಟಿಯನ್ನೂ ಒಂದೇ ಕ್ರಮದಲ್ಲಿ, ಕೊನೆಯವರೆಗೆ ಓದುವುದು.

ಮೊದಲು ತೆಗೆಯುವುದನ್ನು ಕಲಿಯಿರಿ

ಇಸಿಜಿ ತೆಗೆಯುವುದು ಸ್ಟಾಫ್ ನರ್ಸ್ ಅಥವಾ ಟೆಕ್ನಿಷಿಯನ್ ಕೆಲಸವೆಂದು ದೂರ ನಿಲ್ಲುವ ವೈದ್ಯರು ಅದನ್ನು ಓದುವುದರಲ್ಲೂ ಎಡವುತ್ತಾರೆ. ನಮ್ಮಲ್ಲಿ ಬಳಕೆಯಲ್ಲಿರುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಕೆಂಪು ವೈರ್ ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ, ಕಪ್ಪು ಬಲಗಾಲಿಗೆ. ಎದೆಯ ಲೀಡ್‌ಗಳಲ್ಲಿ ವಿ1 ಮತ್ತು ವಿ2 ಎದೆಮೂಳೆಯ ಬಲ ಮತ್ತು ಎಡ ಅಂಚಿನಲ್ಲಿ, ಪಕ್ಕೆಲುಬುಗಳ ನಾಲ್ಕನೆಯ ಸಂದಿಯಲ್ಲಿ ಕೂರಬೇಕು. ಎದೆಮೂಳೆಯ ಮೇಲ್ಭಾಗದಲ್ಲಿ ಬೆರಳಿಗೆ ಸಿಗುವ ಅಡ್ಡ ಉಬ್ಬಿನ ಬಳಿ ಎರಡನೆಯ ಪಕ್ಕೆಲುಬು ಸೇರುತ್ತದೆ. ಅದರ ಕೆಳಗಿನದು ಎರಡನೆಯ ಸಂದಿ, ಅಲ್ಲಿಂದ ಎರಡು ಸಂದಿ ಇಳಿದರೆ ಸರಿಯಾದ ಜಾಗ. ಅಂದಾಜಿನಲ್ಲಿ ಒತ್ತಿದರೆ ಇವೆರಡೂ ಮೇಲಕ್ಕೆ ಹೋಗುವುದೇ ಹೆಚ್ಚು, ಆಗ ಆರ್ ಅಲೆ (ಪ್ರತಿ ಬಡಿತದಲ್ಲಿ ಮೇಲಕ್ಕೆ ಚಿಮ್ಮುವ ಚೂಪು ಅಲೆ) ಕುಗ್ಗಿ, ಹಿಂದೆಂದೋ ಹೃದಯಾಘಾತವಾಗಿತ್ತೇನೋ ಎಂಬ ಸುಳ್ಳು ಚಿತ್ರ ಮೂಡುತ್ತದೆ. ವಿ4 ಐದನೆಯ ಸಂದಿಯಲ್ಲಿ, ಕತ್ತಿನೆಲುಬಿನ (ಕಾಲರ್ ಬೋನ್) ನಡುವಿನಿಂದ ಇಳಿಯುವ ರೇಖೆಯ ಮೇಲೆ. ಮಹಿಳೆಯರಲ್ಲಿ ಸಂಕೋಚದಿಂದ ಇದನ್ನು ಎಲ್ಲೆಲ್ಲೋ ಅಂಟಿಸುವುದಕ್ಕಿಂತ ಪರದೆ ಎಳೆದು, ನರ್ಸ್ ಜೊತೆಗಿದ್ದು, ಸರಿಯಾದ ಜಾಗದಲ್ಲೇ ಇಡುವುದು ರೋಗಿಗೆ ತೋರುವ ನಿಜವಾದ ಗೌರವ.

ಲೀಡ್ 1ರಲ್ಲಿ ಎಲ್ಲ ಅಲೆಗಳೂ ತಲೆಕೆಳಗಾಗಿದ್ದು, ಬಲಗೈ ಕಡೆಯಿಂದ ನೋಡುವ ಎವಿಆರ್ ಲೀಡ್‌ನಲ್ಲಿ ಮೇಲ್ಮುಖವಾಗಿದ್ದರೆ ಎರಡು ಕೈಗಳ ವೈರ್ ಅದಲುಬದಲಾಗಿದೆಯೇ ನೋಡಿ. ಹೃದಯವೇ ಬಲಬದಿಯಲ್ಲಿದ್ದರೂ ಹೀಗೆ ಕಾಣುತ್ತದೆ. ಆದರೆ ಅಂಥವರಲ್ಲಿ ವಿ1ರಿಂದ ವಿ6ರ ಕಡೆಗೆ ಆರ್ ಅಲೆ ಬೆಳೆಯುವ ಬದಲು ಕುಗ್ಗುತ್ತಾ ಹೋಗುತ್ತದೆ. ವೈರ್ ತಪ್ಪಿದ್ದರೆ ಎದೆಯ ಲೀಡ್‌ಗಳು ಸರಿಯಾಗಿಯೇ ಇರುತ್ತವೆ.

ಅಳತೆ, ಗತಿ, ಲಯ

ಪಟ್ಟಿ ಕೈಗೆ ಬಂದೊಡನೆ ಹೆಸರು, ಸಮಯ, ಕಾಗದದ ವೇಗ ಮತ್ತು ಎತ್ತರದ ಮಾಪನವನ್ನು ನೋಡಬೇಕು. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುವಾಗ ಒಂದು ಸಣ್ಣ ಚೌಕ 0.04 ಸೆಕೆಂಡ್, ಒಂದು ದೊಡ್ಡ ಚೌಕ 0.2 ಸೆಕೆಂಡ್, ಎತ್ತರದಲ್ಲಿ 10 ಮಿ.ಮೀ. ಎಂದರೆ 1 ಮಿಲಿವೋಲ್ಟ್. ಯಾರೋ ಮಾಪನವನ್ನು ಅರ್ಧಕ್ಕೆ ಇಳಿಸಿಟ್ಟಿದ್ದರೆ ಹೃದಯಾಘಾತದ ಸುಳಿವಾದ ಎಸ್‌ಟಿ ಏರಿಕೆಯೂ (ಆರ್ ಅಲೆಯ ನಂತರದ ಗೆರೆ ಮೇಲೇರುವುದು) ಅರ್ಧವಾಗಿಯೇ ಕಾಣುತ್ತದೆ.

ಗತಿಯನ್ನು ತಿಳಿಯಲು ಎರಡು ಆರ್ ಅಲೆಗಳ ನಡುವಿನ ದೊಡ್ಡ ಚೌಕಗಳನ್ನು ಎಣಿಸಿ, 300ನ್ನು ಆ ಸಂಖ್ಯೆಯಿಂದ ಭಾಗಿಸಬೇಕು. ಬಡಿತ ಅಸ್ತವ್ಯಸ್ತವಾಗಿದ್ದರೆ ಈ ಲೆಕ್ಕ ನಡೆಯದು. ಕೆಳಗಿನ ಉದ್ದನೆಯ 10 ಸೆಕೆಂಡ್ ಪಟ್ಟಿಯಲ್ಲಿರುವ ಕ್ಯುಆರ್‌ಎಸ್‌ಗಳನ್ನು (ಹೃದಯದ ಕೆಳಕೋಣೆಗಳಿಂದ ಮೂಡುವ, ಆರ್ ಸೇರಿದ ಅಲೆಗಳ ಗುಂಪು) ಎಣಿಸಿ 6ರಿಂದ ಗುಣಿಸಬೇಕು. ಲಯಕ್ಕೆ ಕೇಳಬೇಕಾದ ಪ್ರಶ್ನೆಗಳು ಮೂರು. ಬಡಿತಗಳು ಸಮದೂರದಲ್ಲಿವೆಯೇ? ಪ್ರತಿ ಕ್ಯುಆರ್‌ಎಸ್ ಹಿಂದೆ ಪಿ ಅಲೆ (ಮೇಲ್ಕೋಣೆಗಳಿಂದ ಮೂಡುವ ಸಣ್ಣ ಅಲೆ) ಇದೆಯೇ? ಪ್ರತಿ ಪಿ ಮುಂದೆ ಕ್ಯುಆರ್‌ಎಸ್ ಇದೆಯೇ? ಒಂದು ತುಂಡು ಕಾಗದದ ಅಂಚಿನಲ್ಲಿ ಪಿ ಅಲೆಗಳ ಜಾಗವನ್ನು ಪೆನ್ಸಿಲ್‌ನಿಂದ ಗುರುತು ಮಾಡಿ ಪಟ್ಟಿಯುದ್ದಕ್ಕೂ ಸರಿಸುತ್ತಾ ಹೋದರೆ, ಕ್ಯುಆರ್‌ಎಸ್ ನಂತರ ಬರುವ ಟಿ ಅಲೆಯೊಳಗೆ ಅಡಗಿ ಕುಳಿತ ಪಿ ಕೂಡ ಸಿಕ್ಕಿಬೀಳುತ್ತದೆ.

ಆಮೇಲೆ ಅಂತರಗಳು. ಪಿಆರ್ ಅಂತರ (ಪಿ ಶುರುವಿನಿಂದ ಕ್ಯುಆರ್‌ಎಸ್ ಶುರುವಿನವರೆಗೆ) ಮೂರರಿಂದ ಐದು ಸಣ್ಣ ಚೌಕ, ಕ್ಯುಆರ್‌ಎಸ್‌ನ ಅಗಲ ಮೂರಕ್ಕಿಂತ ಕಡಿಮೆ. ಕ್ಯುಟಿ ಅಂತರ (ಕ್ಯುಆರ್‌ಎಸ್ ಶುರುವಿನಿಂದ ಟಿ ಕೊನೆಯವರೆಗೆ) ಎರಡು ಆರ್ ಅಲೆಗಳ ನಡುವಿನ ದೂರದ ಅರ್ಧವನ್ನು ದಾಟಿದ್ದರೆ ಸರಿಯಾಗಿ ಅಳೆಯಬೇಕು. ಗತಿಗೆ ಹೊಂದಿಸಿದ ಲೆಕ್ಕದಲ್ಲಿ ಅದು 500 ಮಿಲಿಸೆಕೆಂಡ್ ಮೀರಿದ್ದರೆ, ವಾಂತಿಗೆಂದು, ಕ್ಯುಟಿಯನ್ನು ಇನ್ನಷ್ಟು ಉದ್ದ ಮಾಡಬಲ್ಲ ಒಂಡಾನ್ಸೆಟ್ರಾನ್ ಬರೆಯುವ ಮೊದಲೂ ಯೋಚಿಸಬೇಕು. ಡಯಾಲಿಸಿಸ್ ತಪ್ಪಿಸಿಕೊಂಡ ಕಿಡ್ನಿ ರೋಗಿಯಲ್ಲಿ ಟಿ ಅಲೆ ಚೂಪಾಗಿ, ಪಿ ಮಾಯವಾಗಿ, ಕ್ಯುಆರ್‌ಎಸ್ ಅಗಲವಾಗಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ ಎಂದೇ ತಿಳಿದು, ಲ್ಯಾಬ್ ವರದಿಗೆ ಕಾಯದೆ ಕ್ಯಾಲ್ಸಿಯಂ ಗ್ಲುಕೋನೇಟ್ ಕೊಡಬೇಕಾಗುತ್ತದೆ.

ಎಸ್‌ಟಿ ಭಾಗ: ಒಂದು ಪಟ್ಟಿಯನ್ನು ಓದಿ ನೋಡೋಣ

ಐವತ್ತೈದರ ಆಸುಪಾಸಿನ ಗಂಡಸು, ಬೆವರು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಎಂದಿಟ್ಟುಕೊಳ್ಳಿ. ಆರ್ ಅಲೆಗಳ ನಡುವೆ ಆರು ದೊಡ್ಡ ಚೌಕ, ಅಂದರೆ ಗತಿ 50. ಪ್ರತಿ ಪಿ ಮುಂದೆಯೂ ಕ್ಯುಆರ್‌ಎಸ್ ಇದೆ, ಆದರೆ ಪಿಆರ್ ಏಳು ಸಣ್ಣ ಚೌಕ. ‘ಫಸ್ಟ್ ಡಿಗ್ರಿ ಬ್ಲಾಕ್’ (ಮೇಲ್ಕೋಣೆಯಿಂದ ಕೆಳಕೋಣೆಗೆ ವಿದ್ಯುತ್ ಸಂಕೇತ ತಡವಾಗಿ ತಲುಪುವುದು) ಎಂದು ಬರೆದು, ಸಿಕ್ಕಿತಲ್ಲ ಎಂದು ಪಟ್ಟಿ ಮಡಚಿಡುವ ಆಸೆ ಹುಟ್ಟುವುದೇ ಇಲ್ಲಿ. ಮುಂದುವರಿಯಿರಿ. ಹೃದಯದ ಕೆಳಗೋಡೆಯನ್ನು ನೋಡುವ ಲೀಡ್ 2, 3 ಮತ್ತು ಎವಿಎಫ್‌ಗಳಲ್ಲಿ ಎಸ್‌ಟಿ ಎರಡು ಮಿ.ಮೀ. ಏರಿದೆ, ಲೀಡ್ 3ರಲ್ಲಿ ಲೀಡ್ 2ರಲ್ಲಿರುವುದಕ್ಕಿಂತ ತುಸು ಹೆಚ್ಚೇ. ಎಡಗೈ ಕಡೆಯಿಂದ ನೋಡುವ ಎವಿಎಲ್‌ನಲ್ಲಿ ಅದಕ್ಕೆ ಪ್ರತಿಯಾಗಿ ಇಳಿದಿದೆ. ಇದು ಹೃದಯದ ಕೆಳಗೋಡೆಯ ಆಘಾತ, ಮುಚ್ಚಿರುವುದು ಬಹುಶಃ ಬಲ ಕೊರೊನರಿ ರಕ್ತನಾಳ. ನಿಧಾನ ಗತಿ, ಉದ್ದವಾದ ಪಿಆರ್ ಎರಡೂ ಅದರದೇ ಪರಿಣಾಮ.

ಇಲ್ಲಿಗೂ ನಿಲ್ಲುವಂತಿಲ್ಲ. ವಿ4 ಲೀಡ್‌ನ್ನು ಎದೆಯ ಬಲಗಡೆ ಅದೇ ಎತ್ತರದಲ್ಲಿಟ್ಟು ಇನ್ನೊಂದು ಇಸಿಜಿ ತೆಗೆಯಬೇಕು. ಅಲ್ಲಿಯೂ ಎಸ್‌ಟಿ ಏರಿದ್ದರೆ ಬಲ ಹೃತ್ಕುಕ್ಷಿಗೂ (ಬಲ ಕೆಳಕೋಣೆ) ಪೆಟ್ಟಾಗಿದೆ ಎಂದರ್ಥ. ಅಂಥ ರೋಗಿಯ ನಾಲಿಗೆಯಡಿ, ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆ ಇಟ್ಟರೆ ಬಿ.ಪಿ. ಕುಸಿಯಬಹುದು. ಜೊತೆಗೆ ವಿ1ರಿಂದ ವಿ3ರವರೆಗೆ ಎಸ್‌ಟಿ ಇಳಿದು ಆರ್ ಎತ್ತರವಾಗಿದ್ದರೆ ಹಿಂಗೋಡೆಯ ಆಘಾತವನ್ನು ಶಂಕಿಸಿ, ಬೆನ್ನಿನ ಕಡೆ ವಿ7ರಿಂದ ವಿ9ರವರೆಗಿನ ಲೀಡ್‌ಗಳನ್ನು ಇಟ್ಟು ನೋಡಬೇಕು.

ಎಸ್‌ಟಿ ಏರಿದ ಹೃದಯಾಘಾತವೆಂದು ಗುರುತಿಸುವ ಸಾಮಾನ್ಯ ಸೂತ್ರವೆಂದರೆ ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ ಕನಿಷ್ಠ 1 ಮಿ.ಮೀ. ಏರಿಕೆ. ವಿ2, ವಿ3ರಲ್ಲಿ ಮಾತ್ರ ಗಡಿ ಬೇರೆ: ನಲವತ್ತು ದಾಟಿದ ಗಂಡಸರಿಗೆ 2, ಅದಕ್ಕಿಂತ ಕಿರಿಯರಿಗೆ 2.5, ಮಹಿಳೆಯರಿಗೆ 1.5 ಮಿ.ಮೀ. ಆರೋಗ್ಯವಂತ ಯುವಕರಲ್ಲೂ ಈ ಲೀಡ್‌ಗಳಲ್ಲಿ ಎಸ್‌ಟಿ ತುಸು ಏರಿರುವುದೇ ಈ ವ್ಯತ್ಯಾಸಕ್ಕೆ ಕಾರಣ.

ಯಂತ್ರದ ಮಾತು, ಹಳೆಯ ಪಟ್ಟಿ, ಎರಡನೆಯ ಪಟ್ಟಿ

ಪಟ್ಟಿಯ ತಲೆಯ ಮೇಲೆ ಯಂತ್ರವೇ ಮುದ್ರಿಸುವ ರೋಗನಿರ್ಣಯ ಕಾಣದಂತೆ ಮಡಚಿಟ್ಟು ಪಟ್ಟಿಯನ್ನು ಓದಿರಿ. ಗತಿ, ಅಂತರಗಳ ಲೆಕ್ಕದಲ್ಲಿ ಯಂತ್ರ ಬಹುಮಟ್ಟಿಗೆ ನಂಬಲರ್ಹ. ‘ನಾರ್ಮಲ್’ ಎಂಬ ಅದರ ಷರಾವನ್ನು ನಂಬಿ ಎದೆನೋವಿನವರನ್ನು ಮನೆಗೆ ಕಳಿಸುವುದು ಅಪಾಯಕರ. ರೋಗಿಯ ಕಡೆಯವರ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಇಸಿಜಿ ಇದೆಯೇ ಎಂದು ಕೇಳಿ ನೋಡಿ, ಎಷ್ಟೋ ಸಂದೇಹಗಳು ಅಲ್ಲೇ ಬಗೆಹರಿಯುತ್ತವೆ. ಮೊದಲ ಪಟ್ಟಿ ಸರಿಯಿದ್ದರೂ ನೋವು ನಿಲ್ಲದಿದ್ದರೆ ಮೊದಲ ಗಂಟೆಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು.

ಸಂದೇಹವಿದ್ದರೆ ಕೇಳಲು ಈಗ ದಾರಿಗಳಿವೆ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರಗಳ ತಜ್ಞರನ್ನು ತಲುಪುತ್ತದೆ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಕೊಡಲಾಗುತ್ತದೆ. ಕರಾವಳಿ, ಮಲೆನಾಡಿನ ವೈದ್ಯರು ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಕಟ್ಟಿದ ವಾಟ್ಸ್‌ಆ್ಯಪ್ ಬಳಗದಲ್ಲಿ ಇಸಿಜಿ ಹಂಚಿಕೊಳ್ಳುವುದನ್ನು ರೂಢಿಸಿಕೊಂಡಿದ್ದಾರೆ. ಫೋಟೋ ಕಳಿಸುವಾಗ ಪಟ್ಟಿಯನ್ನು ಸಮತಟ್ಟಾಗಿ ಹರಡಿ, ನೆರಳು ಬೀಳದಂತೆ ಹನ್ನೆರಡೂ ಲೀಡ್ ಕಾಣುವಂತೆ ತೆಗೆದು, ರೋಗಿಯ ವಯಸ್ಸು, ಬಿ.ಪಿ., ನೋವು ಶುರುವಾದ ಸಮಯವನ್ನು ಬರೆಯಬೇಕು, ಹೆಸರನ್ನು ಮುಚ್ಚಬೇಕು. ಜೊತೆಗೆ, ನೀವೇ ಓದಿದ್ದನ್ನು ಒಂದು ಸಾಲಿನಲ್ಲಿ ಸೇರಿಸಿ. ಬರೀ ‘ಸರ್, ಒಪೀನಿಯನ್ ಪ್ಲೀಸ್’ ಎಂದು ಕಳಿಸಿದರೆ ರೋಗಿಗೆ ಉತ್ತರ ಸಿಗುತ್ತದೆ, ನಿಮಗೆ ಪಾಠ ಸಿಗುವುದಿಲ್ಲ. ಆ ಸಾಲನ್ನು ನಿಮ್ಮ ನೋಟ್‌ಬುಕ್ಕಿನಲ್ಲಿಯೂ ಬರೆದಿಟ್ಟು, ಎಕೋ ಅಥವಾ ಆಂಜಿಯೋಗ್ರಾಂ ವರದಿ ಬಂದ ದಿನ ಅದರ ಪಕ್ಕದಲ್ಲೇ ಫಲಿತಾಂಶವನ್ನು ಸೇರಿಸಿಕೊಳ್ಳಿ.