ನೆರಳಿನಲ್ಲಿ ತೆನೆ ಬಿಟ್ಟ ಹುಲ್ಲು
ಮರದ ನೆರಳಿನಲ್ಲಿ ನಾನು ನೆಟ್ಟಿದ್ದ ಪೆನ್ನಿಸೆಟಮ್ ಎಂಬ ಅಲಂಕಾರಿಕ ಹುಲ್ಲು ಎರಡು ವರ್ಷ ಕಳೆದರೂ ತೆನೆ ಬಿಡದೆ, ಸೊರಗಿ ನೆಲಕ್ಕೆ ಒರಗುತ್ತಿತ್ತು. ಗೊಬ್ಬರ ಸಾಲದೆಂದು ಭಾವಿಸಿ ಸಾರಜನಕ ಹೆಚ್ಚಿಸಿದ್ದು ನನ್ನದೇ ತಪ್ಪು. ಎಲೆಗಳು ಇನ್ನಷ್ಟು ಮೆತ್ತಗಾಗಿ ಬಾಗಿದವು. ದಿನಕ್ಕೆ ಸುಮಾರು 6 ಗಂಟೆಯ ನೇರ ಬಿಸಿಲು ಬೇಡುವ ಆ ಗಿಡವನ್ನು ಬಯಲಿಗೆ ಸ್ಥಳಾಂತರಿಸಿ, ಮರದ ನೆರಳಿನಲ್ಲಿ ಅದರ ಬದಲು ಕಾಡಿನ ಹುಲ್ಲಾದ ಚಾಸ್ಮ್ಯಾಂಥಿಯಮ್ ಲ್ಯಾಟಿಫೋಲಿಯಮ್ ನೆಟ್ಟೆ. ಮರದ ಬೇರುಗಳು ನೀರನ್ನೆಲ್ಲ ಹೀರುತ್ತಿದ್ದುದರಿಂದ ಗುಂಡಿಗೆ ಎಲೆಗೊಬ್ಬರ ಬೆರೆಸಿ, ಬುಡಕ್ಕೆ ತರಗೆಲೆ ಹೊದಿಸಿ, ಮೊದಲ ವರ್ಷ ಮಣ್ಣು ಪೂರ್ತಿ ಒಣಗದಂತೆ ನೋಡಿಕೊಂಡೆ. ಮರದ ಕೆಳಗಿನ ಎರಡು ಕೊಂಬೆಗಳನ್ನೂ ತೆಗೆಸಿದೆ. ಮರುವರ್ಷ ಬೇಸಿಗೆಯ ಕೊನೆಗೆ, ಇಸ್ತ್ರಿ ಹಾಕಿದಷ್ಟು ಚಪ್ಪಟೆಯಾದ ಹಸಿರು ತೆನೆಗಳು ನೂಲಿನಂಥ ತೊಟ್ಟುಗಳಲ್ಲಿ ಜೋತುಬಿದ್ದು, ಕ್ರಮೇಣ ಕಂಚಿನ ಬಣ್ಣಕ್ಕೆ ತಿರುಗಿದವು. ಬೀಜದಿಂದ ಧಾರಾಳವಾಗಿ ಹರಡುವ ಹುಲ್ಲಾದ್ದರಿಂದ, ಬೀಜ ಉದುರುವ ಮೊದಲೇ ತೆನೆಗಳನ್ನು ಕತ್ತರಿಸುತ್ತಿದ್ದೇನೆ.